ಹಸುವಿನ ಬಾಯಿಗೆ ಕೈ ಹಾಕಿದ ಮೇಲೆ

"ಗಂಟಲಲ್ಲಿ ಏನೋ ಸಿಕ್ಕಾಕ್ಕೊಂಡಿದೆ ಡಾಕ್ಟ್ರೇ, ನಿನ್ನೆಯಿಂದ ಹುಲ್ಲು ಮುಟ್ಟಿಲ್ಲ."

ಮಾವಿನ ಕಾಲದಲ್ಲಿ ನಮ್ಮಂಥ ಪಶುವೈದ್ಯರಿಗೆ ಇಂಥ ಫೋನು ಮಾಮೂಲು. ವಾಟೆ ಸಿಕ್ಕಿರುತ್ತದೆ, ಕೈ ಹಾಕಿ ತೆಗೆದರೆ ಮುಗಿಯಿತು. 2019ರ ಮೇ ತಿಂಗಳಲ್ಲಿ ನಾನೂ ಹಾಗೇ ಅಂದುಕೊಂಡೆ. ತೀರ್ಥಹಳ್ಳಿ ಕಡೆಯ ಒಂದು ಮನೆ. ಕೊಟ್ಟಿಗೆಯಲ್ಲಿ ಹಸು ಜೊಲ್ಲು ಸುರಿಸುತ್ತಾ ನಿಂತಿತ್ತು. ಯಜಮಾನರು ಬಾಯಿ ಅಗಲಿಸಿ ಹಿಡಿದರು. ನಾನು ಗ್ಲೌಸ್ ಇಲ್ಲದೆ ಕೈ ಹಾಕಿ ತಡಕಿದೆ. ಏನೂ ಸಿಗಲಿಲ್ಲ. ದವಡೆ ಹಲ್ಲು ತಾಗಿ ಹೆಬ್ಬೆರಳು ತರಚಿತು, ಅಷ್ಟೆ. ಸೋಪು ಹಚ್ಚಿ ಕೈ ತೊಳೆಯುತ್ತಿದ್ದಾಗ ಹಸು ಕೂಗಿತು. ಒಡಕು ದನಿಯಲ್ಲಿ, ಬಿಟ್ಟು ಬಿಟ್ಟು. ಆ ಕೂಗು ಕೇಳಿ ಎದೆ ಧಸಕ್ಕೆಂದಿತು.

ಹುಚ್ಚುನಾಯಿ ಕಡಿದ ದನ ಕೂಗುವುದು ಹಾಗೆ. ಗಂಟಲು ಸೋತು ನುಂಗಲಾಗುವುದಿಲ್ಲ, ಅದಕ್ಕೇ ಜೊಲ್ಲು. ನೋಡುವವರಿಗೆ ಏನೋ ಸಿಕ್ಕಿದಂತೆ ಕಾಣುತ್ತದೆ. ಕಾಲೇಜಿನಲ್ಲಿ ಹತ್ತು ಸಲ ಹೇಳಿಕೊಟ್ಟಿದ್ದರು. ಆದರೂ ಕೈ ಹಾಕಿದ್ದೆ. ಗಾಯವನ್ನು ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆಯಬೇಕು ಅಂತ ಊರಿಗೆಲ್ಲ ಹೇಳುವವನು ನಾನೇ ಎರಡು ನಿಮಿಷಕ್ಕೆ ನಿಲ್ಲಿಸುತ್ತಿದ್ದೆ. ಮತ್ತೆ ಶುರು ಮಾಡಿದೆ. ಮೂರನೇ ದಿನ ಹಸು ಸತ್ತಿತು. ಮಿದುಳು ಪರೀಕ್ಷೆಯಲ್ಲಿ ರೇಬೀಸ್ ಅಂತಲೇ ಬಂತು. ನಾವು ಅದಕ್ಕೆ ಕಾಯಲಿಲ್ಲ. ಕೈ ಹಾಕಿದ ದಿನವೇ ಮಧ್ಯಾಹ್ನ ಗಂಡ ಹೆಂಡತಿಯನ್ನು ನನ್ನ ಜೀಪಿನಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಯಜಮಾನರ ಬೆರಳಲ್ಲಿ ಕತ್ತಿ ತಾಗಿದ ಹಸಿ ಗಾಯವಿತ್ತು. ಅವರಿಗೆ ಗಾಯದೊಳಕ್ಕೇ ಸೀರಮ್, ಅಂದರೆ ವೈರಸ್ಸನ್ನು ಅಲ್ಲೇ ತಡೆಯುವ ಸಿದ್ಧ ಮದ್ದು, ಹಾಕಿದರು. ಜೊತೆಗೆ ಎರಡೂ ತೋಳಿಗೆ, ಚರ್ಮದ ಪದರದಲ್ಲಿ ಲಸಿಕೆ. 0, 3, 7, 28ನೇ ದಿನ, ಒಟ್ಟು ನಾಲ್ಕು ಸಲ ಬರಬೇಕು. ನನಗೆ ಎರಡೇ ಸಲ, 0 ಮತ್ತು 3. ಸೀರಮ್ ಬೇಡ.

"ಕೈ ಹಾಕಿದ್ದು ನೀವು. ನಿಮಗೆ ಎರಡು, ಇವರಿಗೆ ನಾಲ್ಕಾ?" ಅಂತ ಅವರ ಹೆಂಡತಿ ಕೇಳಿದರು. ನ್ಯಾಯವಾದ ಪ್ರಶ್ನೆ. ಹಿಂದೆ ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುತ್ತಿದ್ದ ಕಾಲವನ್ನು ಕಂಡವರು ಬೇರೆ.

ಉತ್ತರ ನನ್ನ ಕಂಕುಳಲ್ಲಿತ್ತು. 2006ರಲ್ಲಿ, ಹೆಬ್ಬಾಳದಲ್ಲಿ ಕೊನೆ ವರ್ಷ ಓದುವಾಗ, ನಮಗೆಲ್ಲ ಮುಂಚಿತವಾಗಿ ಮೂರು ಲಸಿಕೆ ಕೊಡಿಸಿದ್ದರು. ಎರಡನೆಯದು ಆದಮೇಲೆ ನನ್ನ ಎಡ ಕಂಕುಳಲ್ಲಿ ಕಡಲೆಕಾಳಿನಷ್ಟು ಗಂಟು ಎದ್ದಿತ್ತು. ಭಯಪಟ್ಟಿದ್ದೆ. ಈಗ ಗೊತ್ತು, ಕೆಲಸ ನಡೆಯುತ್ತಿದ್ದದ್ದೇ ಅಲ್ಲಿ. ಪೋಸ್ಟ್‌ಮಾರ್ಟಂನಲ್ಲಿ ನಾವು ದಿನಾ ಕುಯ್ದು ನೋಡುವ ಲಿಂಫ್ ನೋಡ್ ಅದೇ. ತೋಳಿಗೆ ಹಾಕಿದ ಸತ್ತ ವೈರಸ್ಸಿನ ಚೂರುಗಳು ಅಲ್ಲಿಗೆ ಬರುತ್ತವೆ. ಅದಕ್ಕೆ ಹೊಂದುವ ಬಿ ಕೋಶ, ಅಂದರೆ ಆಂಟಿಬಾಡಿ ತಯಾರಿಸುವ ಬಿಳಿ ರಕ್ತಕಣ, ಲಕ್ಷದಲ್ಲಿ ಒಂದೋ ಎರಡೋ ಇರುತ್ತದೆ. ಅದು ಟಿ ಕೋಶ ಎಂಬ ಇನ್ನೊಂದು ಬಿಳಿ ರಕ್ತಕಣದ ಒಪ್ಪಿಗೆ ಪಡೆದು, ಒಂದು ಎರಡಾಗಿ ಒಡೆಯತೊಡಗುತ್ತದೆ. ಒಡೆಯುವಾಗ ತನ್ನ ಆಂಟಿಬಾಡಿಯ, ಅಂದರೆ ವೈರಸ್ಸನ್ನು ಹಿಡಿಯುವ ಪ್ರೋಟೀನಿನ, ಜೀನನ್ನು ಬೇಕಂತಲೇ ತಪ್ಪುತಪ್ಪಾಗಿ ನಕಲು ಮಾಡುತ್ತದೆ. ಹೆಚ್ಚಿನವು ಕೆಡುತ್ತವೆ, ಸಾಯುತ್ತವೆ. ಮೊದಲಿಗಿಂತ ಬಿಗಿಯಾಗಿ ವೈರಸ್ಸನ್ನು ಹಿಡಿಯುವವು ಉಳಿಯುತ್ತವೆ. ಬಿತ್ತನೆ ಭತ್ತ ಆರಿಸಿದ ಹಾಗೆ, ವಾರಗಟ್ಟಲೆ. ಲಸಿಕೆಗಳ ನಡುವೆ ಇಷ್ಟು ದಿನ ಬಿಡುವುದು ಸುಮ್ನೆ ಅಲ್ಲ.

ಆರಿಸಿ ಉಳಿದವು ಎರಡು ದಾರಿ ಹಿಡಿಯುತ್ತವೆ. ಕೆಲವು ಮೂಳೆಯ ಮಜ್ಜೆಗೆ ಹೋಗಿ ಕೂತು, ವರ್ಷಾನುಗಟ್ಟಲೆ ಆಂಟಿಬಾಡಿ ಸುರಿಸುತ್ತವೆ. ಇವು ಒಡೆಯುವುದಿಲ್ಲ, ಕೂತಲ್ಲೇ ಬದುಕುತ್ತವೆ. ರಕ್ತದಲ್ಲಿರುವ ಆಂಟಿಬಾಡಿಯ ಆಯಸ್ಸು ತೀರಾ ಕಡಿಮೆ, ಮೂರು ವಾರಕ್ಕೆ ಅರ್ಧ ಖಾಲಿ. ಆದ್ದರಿಂದ ಹತ್ತು ವರ್ಷದ ಮೇಲೂ ಪರೀಕ್ಷೆಯಲ್ಲಿ ಸಿಕ್ಕರೆ, ಯಾರೋ ಇವತ್ತೂ ತಯಾರಿಸುತ್ತಿದ್ದಾರೆ ಅಂತಲೇ ಅರ್ಥ. ಇನ್ನು ಕೆಲವು ನೆನಪಿನ ಬಿ ಕೋಶಗಳು. ಇವು ಏನೂ ಸುರಿಸುವುದಿಲ್ಲ. ಗುಲ್ಮದಲ್ಲಿ, ಗಂಟುಗಳಲ್ಲಿ, ರಕ್ತದಲ್ಲಿ ಸುಮ್ಮನಿರುತ್ತವೆ. ನೆನಪಿನ ಟಿ ಕೋಶಗಳೂ ಇವೆ. ಅವು ಐಎಲ್-7, ಐಎಲ್-15 ಎಂಬ ಸಂಕೇತಗಳನ್ನು ಉಂಡುಕೊಂಡು, ಅಪರೂಪಕ್ಕೊಮ್ಮೆ ಒಡೆದು ಸಂತತಿ ಉಳಿಸಿಕೊಳ್ಳುತ್ತವೆ.

ಅಷ್ಟೆಲ್ಲ ಓದಿದ್ದರೂ ನನಗೆ ಕಣ್ಣಾರೆ ನೋಡಬೇಕಿತ್ತು. ಆಸ್ಪತ್ರೆಯಲ್ಲಿ ಮೊದಲ ಸೂಜಿಗೆ ಮುಂಚೆ ರಕ್ತ ತೆಗೆಸಿ ಅದರ ತಿಳಿ, ಅಂದರೆ ನನ್ನದೇ ಸೀರಮ್, ಬೇರೆ ಮಾಡಿಸಿ ಇಟ್ಟೆ. ಹದಿನಾಲ್ಕನೇ ದಿನ ಇನ್ನೊಂದು. ಐಸ್ ಬಾಕ್ಸಿನಲ್ಲಿ ಎರಡನ್ನೂ ಬೆಂಗಳೂರಿಗೆ ಕಳಿಸಿದೆ. ಜೀವಂತ ವೈರಸ್ಸನ್ನು ನಮ್ಮ ಸೀರಮ್ ಎಷ್ಟು ತಡೆಯುತ್ತದೆ ಅಂತ ಅಲ್ಲಿ ನೋಡುತ್ತಾರೆ. ಒಂದು ಮಿಲಿಲೀಟರಿಗೆ 0.5 ಯೂನಿಟ್ ಇದ್ದರೆ ಸಾಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ನನ್ನ ಮೊದಲ ರಕ್ತದಲ್ಲಿ ಇದ್ದದ್ದು 0.4. ಎರಡನೆಯದರಲ್ಲಿ 14.

ಮೊದಲ ಅಂಕಿ ನೋಡಿ ನನ್ನ ಸಹೋದ್ಯೋಗಿಯೊಬ್ಬರು "ಪವರ್ ಇಳಿದುಹೋಗಿದೆಯಲ್ಲ" ಅಂದರು. ಇಳಿದದ್ದು ಆಂಟಿಬಾಡಿ ಮಾತ್ರ. ಮಜ್ಜೆಯಲ್ಲಿ ಕೂತವು ಕಡಿಮೆಯಾಗಿದ್ದವು, ಸುಮ್ಮನಿದ್ದವು ಹಾಗೇ ಇದ್ದವು. ಹೊಸಬರಿಗೆ ಆಂಟಿಬಾಡಿ ಕಾಣಿಸಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ಆ ಹೊತ್ತಿಗೆಂದೇ ಯಜಮಾನರಿಗೆ ಬೇರೆಯವರ ಆಂಟಿಬಾಡಿ, ಅಂದರೆ ಸೀರಮ್. ನೆನಪಿನ ಕೋಶಗಳಾದರೆ ಕೆಲವೇ ದಿನಗಳಲ್ಲಿ ಎದ್ದು ಕೆಲಸ ಶುರು ಮಾಡುತ್ತವೆ.

ಹಾಗಾದರೆ ಆ ಎರಡು ಸೂಜಿಯಾದರೂ ಯಾಕೆ, ಅಲ್ವಾ? ಇದು ನನ್ನನ್ನೂ ಬಹಳ ದಿನ ಕಾಡಿತ್ತು. ಗಾಯದಲ್ಲಿ ಸೇರುವ ವೈರಸ್ ತುಂಬ ಕಡಿಮೆ. ಅದು ನರದೊಳಗೆ ನುಸುಳಿಬಿಟ್ಟರೆ ಕಾವಲಿನವರ ಕಣ್ಣಿಗೇ ಬೀಳುವುದಿಲ್ಲ. ನೆನಪು ಇದ್ದೂ ಮಲಗಿರುತ್ತದೆ. ಸೂಜಿ ಹಾಕುವುದು ಅದನ್ನು ಎಬ್ಬಿಸಲು. ಹಳೇ ಲಸಿಕೆ ಇದೆ ಅಂತ ಕಚ್ಚಿಸಿಕೊಂಡು ಮನೆಯಲ್ಲಿ ಕೂತವರನ್ನು ನಾನು ಚೆನ್ನಾಗಿ ಬೈದಿದ್ದೇನೆ.

ಆರು ತಿಂಗಳಾದಮೇಲೆ ಕಾಲುಬಾಯಿ ಜ್ವರದ ಲಸಿಕೆ ಹಾಕಲು ಅದೇ ಮನೆಗೆ ಹೋದೆ. ಯಜಮಾನರು ಉಳಿದ ಎಮ್ಮೆಯ ಕೊಂಬು ಹಿಡಿದುಕೊಂಡು, "ನಿಮ್ಮ ನೆನಪು ಹದಿಮೂರು ವರ್ಷ ಬಂತು. ಇದರದ್ದು ಆರೇ ತಿಂಗಳಾ?" ಅಂದರು.

ಎಮ್ಮೆಗೂ ನೆನಪಿನ ಕೋಶಗಳಿವೆ. ಆದರೆ ಕಾಲುಬಾಯಿ ಜ್ವರ ಎರಡು ಮೂರು ದಿನದಲ್ಲೇ ಬಾಯಲ್ಲಿ ಗುಳ್ಳೆ ಎಬ್ಬಿಸಬಹುದು. ನೆನಪು ಕಣ್ಣುಜ್ಜಿಕೊಂಡು ಏಳುವಷ್ಟರಲ್ಲಿ ರೋಗ ಪಕ್ಕದ ಕೊಟ್ಟಿಗೆ ಸೇರಿರುತ್ತದೆ. ಅಲ್ಲಿ ಮೊದಲೇ ರಕ್ತದಲ್ಲಿ ಆಂಟಿಬಾಡಿ ತುಂಬಿರಬೇಕು. ಸತ್ತ ವೈರಸ್ಸಿನ ಆ ಲಸಿಕೆಯಲ್ಲಿ ಅದು ಬೇಗ ಇಳಿಯುತ್ತದೆ. ರೇಬೀಸ್ ಹಾಗಲ್ಲ. ನರದ ಗುಂಟ ತೆವಳಿ ಮಿದುಳು ಮುಟ್ಟಲು ಸಾಮಾನ್ಯವಾಗಿ ಒಂದರಿಂದ ಮೂರು ತಿಂಗಳು. ಎದ್ದು ತಯಾರಾಗಲು ಪುರುಸೊತ್ತು ಸಿಗುತ್ತದೆ. ಇನ್ನು ಕಂದುರೋಗದ ಲಸಿಕೆ, ಅದೇ ಬ್ರುಸೆಲ್ಲಾದ್ದು, ಹೆಣ್ಣುಕರುವಿಗೆ 4ರಿಂದ 8 ತಿಂಗಳೊಳಗೆ ಒಮ್ಮೆ ಹಾಕಿದರೆ ಆಯಿತು. ಅದು ಜೀವಂತ ರೋಗಾಣುವಿನ ಲಸಿಕೆ, ಒಳಗೆ ಕೆಲದಿನ ಬೆಳೆದು ಗಟ್ಟಿಯಾಗಿ ಪಾಠ ಹೇಳಿಕೊಡುತ್ತದೆ. ನಮ್ಮ ಮಂಗನ ಕಾಯಿಲೆಯ ಲಸಿಕೆಯದು ತದ್ವಿರುದ್ಧ ಕತೆ. ವರ್ಷ ವರ್ಷ ಬೂಸ್ಟರ್, ಮೇಲೆ ವಿಪರೀತ ನೋವು. ಜನ ತಪ್ಪಿಸಿಕೊಂಡು ತೋಟ ಸೇರುತ್ತಿದ್ದರು. ಕೊನೆಗೆ 2022ರಲ್ಲಿ ಅದನ್ನು ನಿಲ್ಲಿಸಿಯೇಬಿಟ್ಟರು.

"ಅಂದ್ರೆ ನಂಗೂ ಮುಂದಿನ ಸಲ ಎರಡೇ" ಅಂದರು ಯಜಮಾನರು.

"ಪೂರ್ತಿ ಕೋರ್ಸ್ ಆಗಿದ್ದಕ್ಕೆ ದಾಖಲೆ ಇದ್ದರೆ. ಕಾರ್ಡ್ ತನ್ನಿ ನೋಡೋಣ."

ದನದ ವಿಮೆ ಕಾಗದದ ಜೊತೆ, ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನವಾಗಿತ್ತು. 0, 3, 7. ಇಪ್ಪತ್ತೆಂಟರ ಮನೆ ಖಾಲಿ.

"ಅವತ್ತೇ ಅಡಿಕೆಗೆ ಮದ್ದು ಹೊಡೆಯೋರು ಬಂದಿದ್ರು" ಅಂದರು, ಹೆಂಡತಿಯ ಕಡೆ ನೋಡದೆ.