ಒಡೆದ ಮೇಲೆ ಚಿತ್ರ ಬರೆದ ಹೂಜಿ

ಜರ್ಮನ್ ನಾಟಕಕಾರ ಕ್ಲೈಸ್ಟ್ ಹುಟ್ಟಿದ್ದು 1777ರ ಅಕ್ಟೋಬರ್‌ನಲ್ಲಿ. ಅವನ ಊರಾದ ಓಡರ್ ನದಿ ದಂಡೆಯ ಫ್ರಾಂಕ್‌ಫುರ್ಟಿನಲ್ಲಿ ಅವನ ಹೆಸರಿನ ನಾಟಕ–ಸಾಹಿತ್ಯ ಉತ್ಸವ ನಡೆಯುವುದೂ ಅದೇ ತಿಂಗಳು. ಅಲ್ಲಿಗೆ ಅವನ ‘ಒಡೆದ ಹೂಜಿ’ ನಾಟಕ ಒಯ್ಯುವವರಿಗೆಲ್ಲ ಒಂದೇ ತಲೆನೋವು: ಹೂಜಿ. ರಂಗದ ಮೇಲೆ ಅದು ಒಡೆಯುವುದಿಲ್ಲ, ಒಡೆದೇ ಬರುತ್ತದೆ. ಹೂಜಿಯ ಒಡತಿ ಮಾರ್ತೆ ಅದನ್ನು ನ್ಯಾಯಾಧೀಶ ಆಡಮ್‌ನ ಮುಂದಿಟ್ಟು ಚೂರುಚೂರಾಗಿ ವಿವರಿಸುತ್ತಾಳೆ. ನೆದರ್ಲೆಂಡ್ಸ್ ಪ್ರಾಂತಗಳನ್ನೆಲ್ಲ ಸ್ಪೇನಿನ ಫಿಲಿಪ್‌ಗೆ ಒಪ್ಪಿಸಿದ ಚಿತ್ರವಿದ್ದ ಜಾಗದಲ್ಲಿ ಈಗ ಬರೀ ತೂತು. ಐದನೆಯ ಚಾರ್ಲ್ಸ್ ಚಕ್ರವರ್ತಿಯದು ಕಾಲುಗಳು ಮಾತ್ರ ಉಳಿದಿವೆ. ಆರಾಸ್‌ನ ಆರ್ಚ್‌ಬಿಷಪ್ ಪೂರ್ತಿ ಮಾಯ, ಅವನ ನೆರಳು ಮಾತ್ರ ನೆಲದ ಮೇಲಿದೆ. ಹೀಗಾಗಿ ಸಿಕ್ಕಸಿಕ್ಕಲ್ಲಿ ಒಡೆದ ಹೂಜಿ ಇಲ್ಲಿ ನಡೆಯುವುದಿಲ್ಲ. ಮಾತಿಗೆ ಸರಿಯಾಗಿ ಒಡೆದಿರಬೇಕು.

ಚಿತ್ರ ಬರೆದು ಸುತ್ತಿಗೆಯಲ್ಲಿ ಹೊಡೆಯುವುದು ಎಲ್ಲರ ದಾರಿ. ನಾನೂ ಎಂಟೋ ಒಂಬತ್ತೋ ಹೂಜಿ ಹೊಡೆದೆ. ಒಂದರಲ್ಲಿ ಬಿಷಪ್ ಗಟ್ಟಿಯಾಗಿ ನಿಂತಿದ್ದ, ಇನ್ನೊಂದರಲ್ಲಿ ಚಕ್ರವರ್ತಿಯ ಕಾಲೇ ಪುಡಿ. ಮಣ್ಣು, ಕರೆಂಟು, ಬಣ್ಣ ಸೇರಿ ಒಂದಕ್ಕೆ 25 ಯೂರೋ ಹಿಡಿದರೂ ಇನ್ನೂರು ಚಿಲ್ಲರೆ ಕಸದಬುಟ್ಟಿಗೆ. ಆಮೇಲೆ ಹಸಿಮಣ್ಣಿನಲ್ಲೇ ಕತ್ತರಿಸಿ ನೋಡಿದೆ. ಒಣಗುವಾಗ ಒಂದೊಂದು ತುಂಡೂ ಒಂದೊಂದು ಕಡೆ ಬಾಗಿ ಮತ್ತೆ ಕೂಡಲಿಲ್ಲ. ಅಂಚೋ ಕೇಕ್ ಕತ್ತರಿಸಿದ ಹಾಗೆ ನುಣುಪು. ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಎರಕ ಹೊಯ್ದರೆ ಅಂಚು ಬೆಳ್ಳಗೆ ಮಿಂಚುತ್ತದೆ, ಕಪ್ಪು ಉಡುಪಿಗೆಲ್ಲ ಪುಡಿ, ಮೇಜಿನ ಮೇಲಿಟ್ಟರೆ ‘ದಬ್’ ಅನ್ನುತ್ತದೆ.

ಕೊನೆಗೆ ಉಲ್ಟಾ ಮಾಡಿದೆ: ಮೊದಲು ಒಡೆಯುವುದು, ಆಮೇಲೆ ಬರೆಯುವುದು. ‘ಬಿರುಕಿನ ಮೇಲೆ ಬಣ್ಣ ನಿಲ್ಲುತ್ತದಾ’ ಅಂತ ನಕ್ಕವರೇ ಜಾಸ್ತಿ.

35 ಸೆಂಟಿಮೀಟರ್ ಎತ್ತರದ ಹೂಜಿ, ಗೋಡೆ ಆರು ಮಿಲಿಮೀಟರ್. ತಿಗರಿಯ ಮೇಲೆ ಎತ್ತುವಾಗಲೇ ಹತ್ತರಲ್ಲಿ ಒಂದು ಪಾಲು ಕುಗ್ಗುತ್ತದೆಂದು ದೊಡ್ಡದು ಮಾಡಿ. ಗ್ಲೇಜ್ (ಗಾಜಿನಂಥ ಹೊಳಪು ಲೇಪ) ಬೇಡ, 1,000 ಡಿಗ್ರಿಗೆ ಒಂದೇ ಸುಡುವಿಕೆ. ಬಾಯಿ ಅಗಲವಿರಲಿ, ಒಳಗೆ ಕೈ ಹೋಗಬೇಕು. ತೂತು ಎಲ್ಲಿ ಬೇಕೋ ಅದರ ಸುತ್ತ ಒಳಗಡೆಯಿಂದ ಸಣ್ಣ ಡೈಮಂಡ್ ಚಕ್ರದಲ್ಲಿ ಎರಡು ಮಿಲಿಮೀಟರ್ ಆಳ ಗೀರಿ. ಗೀರು ಅಲ್ಲಲ್ಲಿ ತುಂಡಾಗಿರಲಿ. ಪೂರ್ತಿ ಗೀರಿದರೆ ಅಂಚು ಮತ್ತೆ ಕೇಕೇ. ತುಂಡು ಗೀರಾದರೆ ಬಿರುಕು ಅಲ್ಲಿ ಹುಟ್ಟಿ ನಡುವೆ ತನ್ನಿಷ್ಟದಂತೆ ಹರಿಯುತ್ತದೆ, ಕಣ್ಣಿಗೆ ಬೇಕಿರುವುದು ಆ ಒರಟೇ. ಹೊರಗೆ ಟೇಪ್ ಸುತ್ತಿ, ಮರಳುಮೂಟೆಯ ಮೇಲೆ ಮಲಗಿಸಿ, ಗೀರಿನ ನೇರಕ್ಕೆ ಹೊರಗಿನಿಂದ ಮೊಂಡು ಉಳಿಯಿಟ್ಟು ತಟ್ಟಿ. ಜೋರು ಬೇಡ, ದನಿ ಬದಲಾಗುವವರೆಗೆ ಸಾಕು.

ಚೂರುಗಳ ಒಳಮೈಗೆ ನಂಬರ್ ಹಾಕಿ, ಒಳಗಿನಿಂದ ಟೇಪ್ ಹಚ್ಚಿ ಕೂಡಿಸಿ, ಹೊರಗಿನ ಟೇಪ್ ಕಿತ್ತುಬಿಡಿ. ಈಗ ಬಿರುಕು ಎಲ್ಲಿದೆಯೆಂದು ಗೊತ್ತಲ್ಲ, ಚಕ್ರವರ್ತಿಯ ಮೊಣಕಾಲು ಸರಿಯಾಗಿ ಅದರ ಮೇಲೆ ಬರುವಂತೆ ಬರೆಯುವುದು. ಬಿಷಪ್‌ನನ್ನು ಬರೆಯಲೇಬೇಡಿ, ನೆರಳು ಬರೆದರೆ ಮುಗಿಯಿತು. ಮಾರುಕಟ್ಟೆಯ ಕಿಟಕಿಯಲ್ಲಿ ಇಣುಕುವವನಿಗೆ ಮಾತ್ರ ಇಡೀ ಚೂರು ಮೀಸಲು. ಅವನಿಗೆ ಈಗ ಏನು ಕಾಣುತ್ತದೋ ಗೊತ್ತಿಲ್ಲ ಅನ್ನುತ್ತಾಳೆ ಮಾರ್ತೆ, ಆ ಸಾಲಿಗೆ ಜನ ನಗುವುದು ಖಂಡಿತ.

ಅಕ್ರಿಲಿಕ್ ಒಣಗಿದ ಮೇಲೆ ಚೂರು ಬಿಡಿಸಿದರೆ ಬಣ್ಣ ಪೊರೆಯಂತೆ ಕಿತ್ತು ಬರುತ್ತದೆ. ನಕ್ಕವರು ಹೇಳಿದ್ದು ಇದನ್ನೇ, ಎರಡು ಸಲ ನಿಜವೂ ಆಯಿತು. ಅರ್ಧ ಒಣಗಿದಾಗಲೇ ಬಿರುಕಿನುದ್ದಕ್ಕೂ ಬ್ಲೇಡ್ ಎಳೆದರೆ ಮುಕ್ಕಾಲು ಸಮಸ್ಯೆ ಹೋಯಿತು. ಉಳಿದ ಕಾಲು ಭಾಗಕ್ಕೆ ಬಣ್ಣಕ್ಕೂ ಮುಂಚೆ ಅಂಚಿಗೆ ಒಂದು ವಸ್ತು ಸವರುತ್ತೇನೆ. ಏನೆಂದು ಇಲ್ಲಿ ಬರೆಯಲ್ಲ, ಅಡುಗೆಮನೆಯಲ್ಲೇ ಸಿಗುತ್ತದೆ. ಕೈ ಕುಯ್ಯದಂತೆ ಅಂಚಿಗೆ ಉಪ್ಪುಕಾಗದ ಹಾಕಿ, ನುಣುಪು ಕಾಣದಂತೆ ಅದೇ ಮಡಕೆಯ ಪುಡಿಯನ್ನು ತೆಳು ಅಂಟಿನಲ್ಲಿ ಕಲಸಿ ಮೆತ್ತಿ.

ನಡುವೆ ಆಯಸ್ಕಾಂತದ ಹುಚ್ಚೂ ಹಿಡಿದಿತ್ತು. ಪ್ರತಿ ಚೂರಿಗೂ ಪುಟ್ಟ ಆಯಸ್ಕಾಂತ ಅಂಟಿಸಿದರೆ ಹೂಜಿ ತಾನೇ ಕೂಡಿಕೊಳ್ಳುತ್ತದೆ ಅಂತ ಲೆಕ್ಕ. ಮಾರ್ತೆ ಒಂದು ಚೂರು ಎತ್ತಿದರೆ ಮೂರು ಜೊತೆಗೆ ಬಂದವು. ಮೂವತ್ತು ಯೂರೋ ನೀರಿಗೆ.

ತೂಕ ನೋಡಿಕೊಳ್ಳಿ. 1808ರಲ್ಲಿ ಜರ್ಮನಿಯ ವೈಮರ್‌ನಲ್ಲಿ ಕವಿ ಗಯಟೆ ಈ ಏಕಾಂಕವನ್ನು ಮೂರು ಅಂಕ ಮಾಡಿ ಕೆಡಿಸಿದ. ಪರಿಕರದವರಿಗಾದರೂ ನಡುವೆ ಉಸಿರು ಸಿಕ್ಕಿದ್ದೀತು. ಕ್ಲೈಸ್ಟ್ ಬರೆದಂತೆ ಒಂದೇ ಓಟಕ್ಕೆ ಆಡಿದರೆ ಚೂರುಗಳಿಗೆ ವಿರಾಮವೇ ಇಲ್ಲ. ಎರಡು ಕಿಲೋ ದಾಟಿದರೆ ಆ ಉದ್ದ ಮಾತಿನ ಅರ್ಧದಲ್ಲೇ ನಟಿಯ ಕೈ ನಡುಗುತ್ತದೆ. ನನ್ನದು ಒಂದು ಮುಕ್ಕಾಲಕ್ಕೆ ಬಂತು. ಮೇಜಿನ ಹಲಗೆ ತೆಳು ಪ್ಲೈವುಡ್ ಆಗಿ ಕೆಳಗೆ ಟೊಳ್ಳಿದ್ದರೆ ಚೂರಿಟ್ಟ ಸದ್ದು ಹಿಂದಿನ ಸಾಲಿಗೂ ಮುಟ್ಟುತ್ತದೆ.

ನೆರಳಿನ ಚೂರು ಎಲ್ಲಕ್ಕಿಂತ ಚಿಕ್ಕದು, ಬೆವರಿದ ಕೈಯಿಂದ ಮೊದಲು ಜಾರುವುದು ಅದೇ. ಸಿಲಿಕೋನ್ ಅಚ್ಚು ತೆಗೆದು ರೆಸಿನ್‌ನಲ್ಲಿ ಅದರದ್ದು ಮೂರು ನಕಲು ಮಾಡಿಡಿ.