ಮುಂದಿನ ಬಸ್ಸು ಎಷ್ಟೊತ್ತಿಗೆ? ನಾನು ಮಾಡಿದ ಮೊದಲ ವೆಬ್‌ಸೈಟ್

ಮಂಡ್ಯ ಜಿಲ್ಲೆಯ ಜಕ್ಕನಹಳ್ಳಿ ಕ್ರಾಸ್ ಕಡೆಯ ಜನಕ್ಕೆ ಬಸ್ಸಿನ ವಿಷಯದಲ್ಲಿ ಬೇಕಾಗಿರುವುದು ತುಂಬಾ ಚಿಕ್ಕ ಮಾಹಿತಿ. ಮಂಡ್ಯಕ್ಕೆ, ಮೈಸೂರಿಗೆ, ನಾಗಮಂಗಲಕ್ಕೆ, ಮೇಲುಕೋಟೆಗೆ ಮುಂದಿನ ಬಸ್ಸು ಎಷ್ಟೊತ್ತಿಗೆ? ಅಷ್ಟೇ. ಮುಂಗಡ ಬುಕಿಂಗ್ ಇರುವ ದೂರದ ಬಸ್ಸುಗಳ ವೇಳೆ ಕೆಎಸ್‌ಆರ್‌ಟಿಸಿ ವೆಬ್‌ಸೈಟಿನಲ್ಲೇ ಸಿಗುತ್ತದೆ. ಹಳ್ಳಿ ಕಡೆ ಓಡುವ ಸಾದಾ ಬಸ್ಸಿಗೆ ಬುಕಿಂಗೇ ಇಲ್ಲ. ಅದರ ವೇಳೆ ಇರುವುದು ಜನರ ಬಾಯಲ್ಲಿ.

ನನ್ನದು ರಸ್ತೆ ಪಕ್ಕದ ಜೆರಾಕ್ಸ್ ಅಂಗಡಿ. ಆಧಾರ್ ಪ್ರತಿ ತೆಗೆಸೋಕೆ ಬಂದವರು, ಅರ್ಜಿ ಹಾಕಿಸೋಕೆ ಬಂದವರು, ಸುಮ್ನೆ ನೆರಳಿಗೆ ಬಂದು ನಿಂತವರು, ಎಲ್ಲರೂ ಬಸ್ಸಿನದ್ದೇ ಕೇಳುತ್ತಾರೆ. ಬೆಳಗ್ಗೆ ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಿ ಚೀಟಿ ಮಾಡಿಸಬೇಕಾದವರಿಗೆ ಒಂದು ಬಸ್ಸು ತಪ್ಪಿದರೆ ಆ ದಿನವೇ ಹೋದಂತೆ. ಇಷ್ಟು ಜನಕ್ಕೆ ಬೇಕಾದ ವಿಷಯವನ್ನು ಒಂದು ಕಡೆ ಬರೆದಿಡಬಾರದಾ ಅನ್ನಿಸಿತು. ಗೋಡೆ ಮೇಲೆ ಅಂಟಿಸಿದರೆ ಮನೆಯಿಂದ ಹೊರಡುವ ಮೊದಲು ನೋಡಬೇಕಾದವರಿಗೆ ಕಾಣುವುದಿಲ್ಲ. ಫೋನ್ ಅಂತೂ ಹೆಚ್ಚುಕಮ್ಮಿ ಎಲ್ಲರ ಕೈಯಲ್ಲೂ ಇದೆ. ಡಿಟಿಪಿ ಮಾಡಿ ಅಭ್ಯಾಸ ಇದ್ದ ನಾನು ಹೀಗೆ ವೆಬ್‌ಸೈಟ್ ಮಾಡೋಕೆ ಕೂತೆ.

ಕಂಪ್ಯೂಟರ್ ಮುಟ್ಟುವ ಮೊದಲು ಮಾಹಿತಿ ಸೇರಿಸಿದೆ. ದಿನಾ ಓಡಾಡುವವರನ್ನು ಕೇಳಿದೆ, ಕಂಡಕ್ಟರುಗಳನ್ನು ಕೇಳಿದೆ, ಅಂಗಡಿಯಲ್ಲೇ ಕೂತು ಬಸ್ಸು ಬಂದ ಹೊತ್ತನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಕಂಡಕ್ಟರ್ ಒಬ್ಬರು ಹೇಳಿದ ಮಾತು ತುಂಬಾ ಉಪಯೋಗಕ್ಕೆ ಬಂತು. ಬಸ್ಸು ಮೊದಲ ಊರಿನಿಂದ ಹೊರಡುವ ಹೊತ್ತು ಮಾತ್ರ ಗಟ್ಟಿ, ಮಧ್ಯದ ಸ್ಟಾಪಿನದ್ದೆಲ್ಲ ಅಂದಾಜು ಅಂದರು. ಅದಕ್ಕೇ ನನ್ನ ಪುಟದಲ್ಲಿ ಪ್ರತಿ ಬಸ್ಸಿಗೂ ಎರಡು ಹೊತ್ತು ಇವೆ. ಎಲ್ಲಿಂದ ಎಷ್ಟಕ್ಕೆ ಹೊರಡುತ್ತದೆ ಅನ್ನುವುದು ಒಂದು. ನಮ್ಮ ಸ್ಟಾಪಿಗೆ ‘ಸುಮಾರು’ ಎಷ್ಟಕ್ಕೆ ಬರುತ್ತದೆ ಅನ್ನುವುದು ಇನ್ನೊಂದು. ಆ ‘ಸುಮಾರು’ ತೆಗೆದರೆ ಪುಟ ಚೊಕ್ಕವಾಗಿ ಕಾಣುತ್ತದೆ ಅಂತ ಒಬ್ಬರು ಹೇಳಿದರು. ನಾನು ತೆಗೆಯಲಿಲ್ಲ. ಆ ಹೊತ್ತನ್ನು ನಂಬಿ ಬಸ್ಸಿಗೆ ಹೊರಡುವವರಿಗೆ ಅದು ಅಂದಾಜು ಅಂತ ಗೊತ್ತಿರಲೇಬೇಕು.

ಮಾಡಿದ್ದು ಒಂದೇ ಒಂದು ಪುಟ. ಎಚ್‌ಟಿಎಂಎಲ್‌ನಲ್ಲಿ ವಿಷಯ, ಸಿಎಸ್‌ಎಸ್‌ನಲ್ಲಿ ಅಂದಚಂದ, ಪುಟವೇ ಲೆಕ್ಕ ಮಾಡೋಕೆ ಸ್ವಲ್ಪ ಜಾವಾಸ್ಕ್ರಿಪ್ಟ್. ಇವುಗಳ ಪಾಠ, ಕಲಿಸುವ ವೆಬ್‌ಸೈಟುಗಳಾದ ಡಬ್ಲ್ಯು3ಸ್ಕೂಲ್ಸ್‌ನಲ್ಲೂ ಎಂಡಿಎನ್‌ನಲ್ಲೂ ಪುಕ್ಕಟೆ ಸಿಗುತ್ತದೆ. ಪಾಠ ಪೂರ್ತಿ ಮುಗಿಸಿ ಆಮೇಲೆ ಶುರು ಮಾಡೋಣ ಅಂತ ಕಾಯಬೇಡಿ. ನನಗೆ ಪಟ್ಟಿ ಬೇಕಿತ್ತು, ಪಟ್ಟಿ ಮಾಡುವುದನ್ನು ಕಲಿತೆ. ಬಣ್ಣ ಬೇಕಾದಾಗ ಬಣ್ಣದ ಪಾಠ ತೆರೆದೆ.

ಡಿಟಿಪಿ ಕಡೆಯಿಂದ ಬರುವವರು ಒಂದು ವಿಷಯ ಮೊದಲೇ ತಿಳಿದುಕೊಳ್ಳಬೇಕು. ನಾವು ಅರ್ಜಿಗಳನ್ನು ‘ನುಡಿ’ ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡುತ್ತೇವೆ. ನುಡಿಯ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಅಲ್ಲ. ಅವು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದ ಫಾಂಟುಗಳು. ಅಂಥ ಬರಹವನ್ನು ವೆಬ್‌ಪುಟಕ್ಕೆ ಹಾಕಿದರೆ ಆ ಫಾಂಟ್ ಇಲ್ಲದ ಫೋನಿನಲ್ಲಿ ತಲೆಬುಡ ಇಲ್ಲದ ಗುರುತುಗಳು ಕಾಣುತ್ತವೆ. ವೆಬ್‌ಗೆ ಯೂನಿಕೋಡ್ ಬೇಕು, ಅಂದರೆ ಪ್ರತಿ ಕನ್ನಡ ಅಕ್ಷರಕ್ಕೂ ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಆಗಿರುವ ಸಂಕೇತ. ಹೊಸ ನುಡಿಯಲ್ಲಿ ಯೂನಿಕೋಡ್ ಆಯ್ಕೆ ಇದೆ, ಕೀಲಿಮಣೆ ಅದೇ, ಬೆರಳಿಗೆ ಹೊಸ ಅಭ್ಯಾಸ ಬೇಕಿಲ್ಲ. ಕಡತವನ್ನು ಯುಟಿಎಫ್-8ರಲ್ಲಿ (ಯೂನಿಕೋಡ್ ಬರಹ ಉಳಿಸುವ ಒಂದು ರೀತಿ) ಉಳಿಸಿ, ಪುಟದ ತಲೆಭಾಗದಲ್ಲೂ ಅದನ್ನೇ ಹೇಳಿ. ಅಲ್ಲೇ ಪುಟದ ಭಾಷೆ ಕನ್ನಡ ಅಂತಲೂ ಬರೆದರೆ ಓದಿ ಹೇಳುವ ತಂತ್ರಾಂಶಗಳಿಗೆ ಅನುಕೂಲ. ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಫಾಂಟ್ ಮೊದಲೇ ಇರುವುದರಿಂದ ನಾನು ಬೇರೆ ಫಾಂಟ್ ಸೇರಿಸಲಿಲ್ಲ. ಫಾಂಟ್ ಇಳಿಯುವ ತನಕ ಕಾಯುವ ಕೆಲಸ ತಪ್ಪಿತು. ನಮ್ಮ ಕಡೆ ಸಿಗ್ನಲ್ ಹೇಗಿರುತ್ತೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ ಅಲ್ವಾ.

ಮುಂದಿನ ಬಸ್ಸು ಯಾವುದು ಅಂತ ಪುಟವೇ ತೋರಿಸಬೇಕು ಅನ್ನುವುದು ನನ್ನ ಆಸೆ. ಅದಕ್ಕೆ ಬೇಕಾದ ಲೆಕ್ಕ ನಾನು ಹೆದರಿದಷ್ಟು ಕಷ್ಟ ಇರಲಿಲ್ಲ. ಪ್ರತಿ ಹೊತ್ತನ್ನೂ ನಡುರಾತ್ರಿಯಿಂದ ಕಳೆದ ನಿಮಿಷಗಳಾಗಿ ಬರೆದಿಡಬೇಕು. ಉದಾಹರಣೆಗೆ ಬೆಳಗ್ಗೆ 5.40 ಅಂದರೆ 340, ಸಂಜೆ 5.40 ಅಂದರೆ 1060. ಫೋನಿನ ಗಡಿಯಾರದಿಂದ ಈಗಿನ ಹೊತ್ತು ತೆಗೆದುಕೊಂಡು ಅದನ್ನೂ ಹಾಗೇ ನಿಮಿಷ ಮಾಡಿದರೆ, ಅದಕ್ಕಿಂತ ದೊಡ್ಡದಾದ ಮೊದಲ ಸಂಖ್ಯೆಯೇ ಮುಂದಿನ ಬಸ್ಸು. ಕೊನೆ ಬಸ್ಸು ಹೋದ ಮೇಲೆ ದೊಡ್ಡ ಸಂಖ್ಯೆ ಸಿಗುವುದಿಲ್ಲ. ಆಗ ನಾಳೆಯ ಮೊದಲ ಬಸ್ಸು ತೋರಿಸಬೇಕು, ‘ನಾಳೆ’ ಅಂತ ದಪ್ಪಕ್ಷರದಲ್ಲಿ. ಭಾನುವಾರ ಓಡದ ಬಸ್ಸಿಗೆ ಬೇರೆ ಗುರುತು. ಜಾವಾಸ್ಕ್ರಿಪ್ಟ್ ವಾರವನ್ನು ಭಾನುವಾರದಿಂದ, ಅದೂ ಸೊನ್ನೆಯಿಂದ ಎಣಿಸುತ್ತದೆ, ನೆನಪಿರಲಿ. ಮೊದಲ ಸಲ ಪುಟ ತೆರೆದು ಸರಿಯಾದ ಬಸ್ಸು ಮೇಲೆ ಬಂದು ಕೂತಾಗ ಆದ ಖುಷಿ ಇನ್ನೂ ಹಾಗೇ ಇದೆ.

ಪುಟವನ್ನು ಗಿಟ್‌ಹಬ್ ಪೇಜಸ್‌ನಲ್ಲಿ ಇಟ್ಟೆ, ಅದು ವೆಬ್‌ಪುಟ ಇಡಲು ಜಾಗ ಕೊಡುವ ಸೇವೆ. ಖರ್ಚಿಲ್ಲ. ಸ್ವಂತ ವಿಳಾಸ ಬೇಕಾದರೆ ವರ್ಷಕ್ಕಿಷ್ಟು ಅಂತ ಕಟ್ಟಿ ಕೊಳ್ಳಬಹುದು, ನನಗೆ ಬೇಕೆನ್ನಿಸಲಿಲ್ಲ. ಒಂದು ಎಚ್ಚರ: ನಮ್ಮ ವಿಂಡೋಸ್ ಕಂಪ್ಯೂಟರಿಗೆ ಕಡತದ ಹೆಸರಿನಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎರಡೂ ಒಂದೇ. ಅಲ್ಲಿನ ಸರ್ವರಿಗೆ ಬೇರೆ ಬೇರೆ. ಎಲ್ಲ ಹೆಸರೂ ಚಿಕ್ಕಕ್ಷರದಲ್ಲೇ ಇದ್ದರೆ ನೆಮ್ಮದಿ.

ಇಲ್ಲಿವರೆಗಿನದು ಯಾರು ಬೇಕಾದರೂ ಕಲಿಯಬಹುದಾದ ಕೆಲಸ. ನಿಜವಾದ ಕೆಲಸ ಶುರುವಾಗಿದ್ದು ಪುಟವನ್ನು ಜನರ ಕೈಗೆ ಕೊಟ್ಟ ಮೇಲೆ.

‘ನೋಡಿ, ಹೇಗಿದೆ ಹೇಳಿ’ ಅಂದರೆ ನಮ್ಮ ಜನ ‘ಚೆನ್ನಾಗದೆ ಕಣವ್ವ’ ಅನ್ನುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ, ಯಾರ ಮನಸ್ಸನ್ನೂ ನೋಯಿಸಲು ಇಷ್ಟ ಇರುವುದಿಲ್ಲ. ಅದರಿಂದ ಪುಟಕ್ಕೆ ಏನೂ ಸಿಗುವುದಿಲ್ಲ. ಹಾಗಾಗಿ ಕೇಳುವ ರೀತಿ ಬದಲಾಯಿಸಿದೆ. ಅಭಿಪ್ರಾಯ ಕೇಳುವುದು ಬಿಟ್ಟು ಕೆಲಸ ಕೊಟ್ಟೆ. ‘ಮಧ್ಯಾಹ್ನ ಊಟ ಆದ್ಮೇಲೆ ಮೈಸೂರಿಗೆ ಹೋಗಬೇಕು, ಯಾವ ಬಸ್ಸು ಸಿಗುತ್ತೆ ಇದರಲ್ಲಿ ನೋಡಿ ಹೇಳಿ’ ಅಂತ ಹೇಳಿ ಸುಮ್ಮನೆ ಪಕ್ಕದಲ್ಲಿ ನಿಂತೆ. ಬೆರಳು ಎಲ್ಲಿ ಹೋಗುತ್ತದೆ, ಎಲ್ಲಿ ತಡೆಯುತ್ತದೆ, ಎಲ್ಲಿ ಹುಬ್ಬು ಗಂಟಾಗುತ್ತದೆ ಅಂತ ನೋಡುವುದು. ಮಧ್ಯೆ ಬಾಯಿ ಹಾಕಬಾರದು. ಇದೇ ತುಂಬಾ ಕಷ್ಟದ ಭಾಗ. ‘ಅಲ್ಲಲ್ಲ, ಕೆಳಗೆ ನೋಡಿ’ ಅನ್ನುವ ಮಾತು ನಾಲಿಗೆ ತುದಿಗೆ ಬಂದಿರುತ್ತದೆ. ಅದನ್ನು ಹೇಳಿಬಿಟ್ಟರೆ ಆ ಪರೀಕ್ಷೆ ಅಲ್ಲಿಗೆ ಮುಗಿಯಿತು. ಅವರು ಮನೆಯಲ್ಲಿ ಒಬ್ಬರೇ ನೋಡುವಾಗ ಹೇಳಿಕೊಡೋಕೆ ನಾನಿರುವುದಿಲ್ಲ.

ಇಂಥ ಪರೀಕ್ಷೆಗೆ ಐದು ಜನ ಸಾಕು ಅಂತ ವೆಬ್‌ಸೈಟ್ ಬಳಕೆಯ ತಜ್ಞ ಜೇಕಬ್ ನೀಲ್ಸನ್ 2000ದಲ್ಲೇ ಬರೆದಿದ್ದಾರೆ. ದೊಡ್ಡ ತೊಡಕುಗಳು ಮೊದಲ ಕೆಲವರಲ್ಲೇ ಕಂಡುಬಿಡುತ್ತವೆ, ಆಮೇಲಿನವರು ಹೆಚ್ಚಾಗಿ ಅಲ್ಲಲ್ಲೇ ಎಡವುತ್ತಾರೆ ಅನ್ನುವುದು ಅವರ ವಾದ. ನನ್ನ ಅನುಭವವೂ ಹಾಗೇ. ಒಂದೇ ಸಲಕ್ಕೆ ಊರಿಗೆಲ್ಲ ಕೇಳುವ ಬದಲು ನಾಲ್ಕೈದು ಜನರಿಗೆ ತೋರಿಸಿ, ತಿದ್ದಿ, ಮತ್ತೆ ಬೇರೆ ನಾಲ್ಕೈದು ಜನರಿಗೆ ತೋರಿಸಿದರೆ ಜಾಸ್ತಿ ಉಪಯೋಗ.

ಇನ್ನೊಂದು ಮುಖ್ಯ ವಿಷಯ, ಅವರದೇ ಫೋನಿನಲ್ಲಿ ತೋರಿಸಬೇಕು. ವಯಸ್ಸಾದ ಒಬ್ಬರ ಫೋನಿನಲ್ಲಿ ಅಕ್ಷರದ ಗಾತ್ರ ಎಷ್ಟಾಗುತ್ತೋ ಅಷ್ಟು ದೊಡ್ಡದು ಮಾಡಿಟ್ಟಿದ್ದರು. ಅದರಲ್ಲಿ ನನ್ನ ಪಟ್ಟಿಯ ಕೊನೆಯ ಕಂಬಸಾಲು ಪರದೆಯಿಂದ ಆಚೆ ಹೋಗಿತ್ತು. ಅಲ್ಲಿದ್ದಿದ್ದೇ ಬಸ್ಸು ಬರುವ ಹೊತ್ತು! ಅವರು ಊರ ಹೆಸರುಗಳನ್ನು ಓದುತ್ತಾ ಓದುತ್ತಾ ಹೋದರು, ಹೊತ್ತು ಎಲ್ಲಿದೆ ಅಂತ ಕೇಳಲೂ ಇಲ್ಲ. ಅದೇ ಸಂಜೆ ಪಟ್ಟಿ ತೆಗೆದು, ಪ್ರತಿ ಬಸ್ಸಿಗೂ ಒಂದು ಅಗಲವಾದ ಡಬ್ಬಿ ಮಾಡಿದೆ. ಮೇಲೆ ದೊಡ್ಡದಾಗಿ ಹೊತ್ತು, ಅದರ ಕೆಳಗೆ ಊರು, ಅದರ ಕೆಳಗೆ ದಾರಿ. ಅಕ್ಷರ ಎಷ್ಟೇ ದೊಡ್ಡದಾದರೂ ಡಬ್ಬಿ ಉದ್ದಕ್ಕೆ ಬೆಳೆಯುತ್ತದೆ, ಆಚೆ ಹೋಗುವುದಿಲ್ಲ. ಅದೇ ಫೋನಿನಲ್ಲಿ ‘ಜಕ್ಕನಹಳ್ಳಿ’ಯ ಎರಡು ಒತ್ತಕ್ಷರಗಳೂ ಕೆಳಗಿನ ಸಾಲಿನ ತಲೆಗೆ ತಾಗುತ್ತಿದ್ದವು. ಇಂಗ್ಲಿಷಿಗೆ ಸಾಕಾಗುವ ಸಾಲಿನ ಅಂತರ ಕನ್ನಡಕ್ಕೆ ಸಾಲದು. ನಾನು ಅಕ್ಷರದ ಗಾತ್ರದ 1.7 ಪಟ್ಟು ಇಟ್ಟಿದ್ದೇನೆ, ಒತ್ತಕ್ಷರಗಳು ಆರಾಮಾಗಿ ಕೂತಿವೆ.

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನೆಂಟರ ಹುಡುಗನಿಗೂ ಕಳಿಸಿದ್ದೆ. ಫೋನಿನ ಅಗಲಕ್ಕೆ ಪುಟ ಹೊಂದಿಕೊಳ್ಳಲು ಬೇಕಾದ ವ್ಯೂಪೋರ್ಟ್ ಸಾಲು ಹಾಕಲು ಹೇಳಿದ್ದು ಅವನೇ. ಅಕ್ಷರಕ್ಕೂ ಹಿನ್ನೆಲೆಗೂ ಬಣ್ಣದ ವ್ಯತ್ಯಾಸ ಕನಿಷ್ಠ 4.5ಕ್ಕೆ 1 ಇರಬೇಕು ಅನ್ನುವ ನಿಯಮವನ್ನೂ ಹೇಳಿಕೊಟ್ಟ. ಮಧ್ಯಾಹ್ನದ ಬಿಸಿಲಿನಲ್ಲಿ ರಸ್ತೆಗೆ ಹೋಗಿ ನೋಡಿದಾಗ ಆ ಲೆಕ್ಕ ಯಾಕೆ ಅಂತ ಗೊತ್ತಾಯಿತು. ತಿಳಿಬೂದು ಅಕ್ಷರ ಅಲ್ಲಿ ಕಾಣುವುದೇ ಇಲ್ಲ. ಬಿಳಿ ಮೇಲೆ ಕಪ್ಪು, ಬೇರೆ ಮಾತಿಲ್ಲ. ಮೇಲುಗಡೆ ದೊಡ್ಡ ಫೋಟೋ ಹಾಕು ಅಂತಲೂ ಹೇಳಿದ್ದ. ಅದನ್ನು ಒಪ್ಪಲಿಲ್ಲ. ಫೋನಿನಲ್ಲಿ ತೆಗೆದ ಒಂದು ಫೋಟೋ ಮೂರು ನಾಲ್ಕು ಎಂಬಿ ಇರುತ್ತದೆ. ನನ್ನ ಇಡೀ ಪುಟ ಅದರ ಮುಂದೆ ಲೆಕ್ಕಕ್ಕೇ ಇಲ್ಲ. ಬಸ್ಸು ನೋಡಲು ಬಂದವರನ್ನು ಚಿತ್ರಕ್ಕಾಗಿ ಕಾಯಿಸುವುದು ನ್ಯಾಯ ಅಲ್ಲ. ಸಲಹೆ ಕೇಳಬೇಕು ನಿಜ, ಆದರೆ ಪುಟ ಯಾರಿಗೆ ಅನ್ನುವುದನ್ನು ನಾವೇ ನೆನಪಿಟ್ಟುಕೊಂಡಿರಬೇಕು.

ನನಗೆ ಹೊಳೆಯದೇ ಇದ್ದ ದೊಡ್ಡ ವಿಷಯಗಳೆಲ್ಲ ಬಂದಿದ್ದು ಬಸ್ಸಿಗೆ ಕಾಯುವವರಿಂದ. ಹೆಂಗಸರು ಮೊದಲು ಕೇಳಿದ್ದೇ ‘ಇದು ಗೌರ್ಮೆಂಟ್ ಬಸ್ಸಾ, ಪ್ರೈವೇಟಾ?’ ಅಂತ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾದಾ ಬಸ್ಸಿನಲ್ಲೂ ಎಕ್ಸ್‌ಪ್ರೆಸ್ ಬಸ್ಸಿನಲ್ಲೂ ಹೆಂಗಸರಿಗೆ ಟಿಕೆಟ್ ದುಡ್ಡು ಇಲ್ಲ. ಕೂಲಿ ಕೆಲಸಕ್ಕೆ ಹೋಗುವ ಹೆಂಗಸಿಗೆ ಅದು ದೊಡ್ಡ ವಿಷಯ. ಅರ್ಧ ಗಂಟೆ ಕಾದರೂ ಸರಿ, ಆ ಬಸ್ಸೇ ಬೇಕು. ಕಾಲೇಜು ಮಕ್ಕಳದೂ ಇದೇ ಕಥೆ, ಅವರ ಪಾಸ್ ಪ್ರೈವೇಟಿನಲ್ಲಿ ನಡೆಯುವುದಿಲ್ಲ. ಈಗ ಪ್ರತಿ ಡಬ್ಬಿಯಲ್ಲೂ ‘ಸರ್ಕಾರಿ’ ಇಲ್ಲವೇ ‘ಖಾಸಗಿ’ ಅಂತ ಅಕ್ಷರದಲ್ಲೇ ಬರೆದಿದೆ. ಬರೀ ಬಣ್ಣದಲ್ಲಿ ಗುರುತು ಮಾಡಿದರೆ ಎಲ್ಲರಿಗೂ ತಿಳಿಯುವುದಿಲ್ಲ. ಸರ್ಕಾರಿ ಮಾತ್ರ ತೋರಿಸು ಅನ್ನುವ ಒಂದು ಗುಂಡಿ ಮೇಲಿದೆ. ಪುಟದಲ್ಲಿ ಜನ ಜಾಸ್ತಿ ಒತ್ತುವುದು ಅದನ್ನೇ ಅಂತ ನನ್ನ ಅಂದಾಜು.

ದಾರಿಯ ವಿಷಯವೂ ಹಾಗೇ ಬಂತು. ಮಂಡ್ಯಕ್ಕೆ ದುದ್ದದ ಮೇಲೆ ಹೋಗುವ ಬಸ್ಸಿಗೂ ಪಾಂಡವಪುರದ ಮೇಲೆ ಹೋಗುವ ಬಸ್ಸಿಗೂ ಅಜಗಜಾಂತರ. ಬೋರ್ಡಿನಲ್ಲಿ ಮಂಡ್ಯ ಅಂತಲೇ ಇದ್ದರೂ ದಾರಿಯಲ್ಲಿ ಇಳಿಯುವವರಿಗೆ ಎರಡೂ ಒಂದೇ ಅಲ್ಲ.

ಎಲ್ಲಕ್ಕಿಂತ ಒಳ್ಳೆಯ ಮಾತು ಆಸ್ಪತ್ರೆಗೆ ಹೋಗಿ ಬರುವ ಒಬ್ಬ ಅಜ್ಜಿಯದು. ಪುಟವನ್ನು ಮೊಮ್ಮಗಳ ಕೈಲಿ ಓದಿಸಿಕೊಂಡು, ‘ಹೋಗದೇನೋ ಹೋಯ್ತೀವಿ, ವಾಪಸ್ ಬರಕ್ಕೆ ಕೊನೆ ಬಸ್ಸು ಯಾವಾಗ ಅಂತ ಇದ್ರಲ್ಲಿ ಎಲ್ಲದೆ?’ ಅಂದರು. ಹೋಗುವ ಬಸ್ಸು ತಪ್ಪಿದರೆ ಮನೆಗೆ ವಾಪಸ್ ಹೋಗಬಹುದು. ಬರುವ ಕೊನೆ ಬಸ್ಸು ತಪ್ಪಿದರೆ ಮಂಡ್ಯದಲ್ಲಿ ರಾತ್ರಿ ಎಲ್ಲಿ ಉಳಿಯೋದು? ಅವತ್ತಿನಿಂದ ಪುಟದ ಮೇಲ್ತುದಿಯಲ್ಲಿ, ಮುಂದಿನ ಬಸ್ಸಿನ ಪಕ್ಕದಲ್ಲೇ, ಮಂಡ್ಯದಿಂದಲೂ ಮೈಸೂರಿನಿಂದಲೂ ನಮ್ಮ ಕಡೆಗೆ ಕೊನೆಯ ಬಸ್ಸು ಎಷ್ಟಕ್ಕೆ ಅಂತ ದೊಡ್ಡದಾಗಿ ಇದೆ. ಅದನ್ನು ಮಾತ್ರ ನಾನು ಎಲ್ಲಕ್ಕಿಂತ ಹೆಚ್ಚು ಸಲ ವಿಚಾರಿಸಿ ಖಾತ್ರಿ ಮಾಡಿಕೊಳ್ಳುತ್ತೇನೆ.

ಅಂಕಿಗಳ ಬಗ್ಗೆ ಚರ್ಚೆ ನಡೆಯಿತು. ಪುಟ ಕನ್ನಡದ್ದು, ಅಂಕಿಯೂ ಕನ್ನಡದ್ದೇ ಇರಲಿ ಅಂತ ನನಗೂ ಇಷ್ಟ ಇತ್ತು. ಎರಡೂ ರೀತಿ ಮಾಡಿ ತೋರಿಸಿದೆ. ಬಸ್ಸಿಗೆ ಓಡುವ ಅವಸರದಲ್ಲಿ ಹುಡುಗರ ಕಣ್ಣು ಕನ್ನಡ ಅಂಕಿಯ ಹತ್ತಿರ ಒಂದು ಕ್ಷಣ ನಿಲ್ಲುತ್ತಿತ್ತು. ಫೋನಿನ ಗಡಿಯಾರದಲ್ಲಿ ಇರುವ ಅಂಕಿಯನ್ನೇ ಉಳಿಸಿದೆ. 17.40 ಅಂತ ಬರೆಯುವ ಬದಲು ‘ಸಂಜೆ 5.40’ ಅಂತ ಬರೆದೆ. ಇದಕ್ಕೆ ಯಾರೂ ಬೇಡ ಅನ್ನಲಿಲ್ಲ.

ಹೇಳಿದ್ದನ್ನೆಲ್ಲ ಬರೆದುಕೊಳ್ಳಲು ಅದೇ ನೋಟ್‌ಬುಕ್. ಒಬ್ಬರು ಎಡವಿದರೆ ಗುರುತು ಹಾಕುತ್ತೇನೆ, ಇನ್ನೊಬ್ಬರೂ ಅಲ್ಲೇ ಎಡವಿದರೆ ಪುಟ ತಿದ್ದುತ್ತೇನೆ. ಹೊತ್ತು ತಪ್ಪಾಗಿದೆ ಅಂತ ಯಾರಾದರೂ ಹೇಳಿದರೆ ಮಾತ್ರ ಎರಡನೆಯವರಿಗೆ ಕಾಯುವುದಿಲ್ಲ, ಅವತ್ತೇ ವಿಚಾರಿಸುತ್ತೇನೆ. ಪುಟದ ಕೆಳಗೆ ಕೊನೆಯ ಸಲ ಪಟ್ಟಿ ಸರಿನೋಡಿದ ತಾರೀಖು ಇದೆ. ವೈರಮುಡಿ ಉತ್ಸವದ ಸಮಯದಲ್ಲಿ ಮೇಲುಕೋಟೆ ಕಡೆ ವಿಶೇಷ ಬಸ್ಸುಗಳು ಓಡುತ್ತವೆ, ಮಾಮೂಲಿ ಹೊತ್ತು ನಡೆಯುವುದಿಲ್ಲ. ಆ ದಿನಗಳಲ್ಲಿ ಅದನ್ನು ಹೇಳುವ ಒಂದು ಸಾಲನ್ನು ಎಲ್ಲಕ್ಕಿಂತ ಮೇಲೆ ಹಾಕುತ್ತೇನೆ.

ಲಿಂಕ್ ವಾಟ್ಸಾಪಿನಲ್ಲಿ ತಾನಾಗಿ ಓಡಾಡಿತು. ಕ್ಯೂಆರ್ ಕೋಡ್ ಮುದ್ರಿಸಿ ಲ್ಯಾಮಿನೇಟ್ ಮಾಡಿ ಸ್ಟಾಪಿನ ಹತ್ತಿರದ ಟೀ ಅಂಗಡಿಯಲ್ಲೂ ಅಂಟಿಸಿದ್ದೇನೆ. ಅಲ್ಲಿ ಕೂರುವ ಒಬ್ಬರು, ಬಟನ್ ಫೋನಿನವರು ಏನು ಮಾಡಬೇಕು ಅಂದರು. ಸರಿ ಅನ್ನಿಸಿತು. ಅದೇ ಪುಟವನ್ನು ಪ್ರಿಂಟ್ ಕೊಟ್ಟರೆ ಗುಂಡಿಗಳೆಲ್ಲ ಮಾಯವಾಗಿ ಒಂದೇ ಎ4 ಹಾಳೆಯಲ್ಲಿ ಇಡೀ ದಿನದ ಬಸ್ಸು ಬರುವ ಹಾಗೆ ಸಿಎಸ್‌ಎಸ್‌ನಲ್ಲಿ ಮುದ್ರಣಕ್ಕೆ ಬೇರೆ ಸಾಲು ಬರೆದೆ. ಕೇಳಿದವರಿಗೆ ಅಂಗಡಿಯಲ್ಲಿ ಆ ಹಾಳೆ ಕೊಡುತ್ತೇನೆ, ದುಡ್ಡು ತೆಗೆದುಕೊಳ್ಳುವುದಿಲ್ಲ. ಈಗ ನಾಗಮಂಗಲದಿಂದ ವಾಪಸ್ ಬರುವ ಬಸ್ಸುಗಳ ಪಟ್ಟಿ ಬಾಕಿ ಇದೆ. ಆ ದಾರಿಯ ಬೆಳಗಿನ ಬಸ್ಸಿನ ಕಂಡಕ್ಟರ್ ಬರೆದುಕೊಡುತ್ತೇನೆ ಅಂದಿದ್ದಾರೆ.