ಸಂಘದ ತಿಂಗಳ ಪತ್ರ ನಿಲ್ಲದ ಹಾಗೆ ನಡೆಸಿದ್ದು: ನನ್ನ ಅನುಭವ

ನಮ್ಮದು ಶಿರಸಿ ಸೀಮೆಯ ಒಂದು ಸೇವಾ ಸಹಕಾರಿ ಸಂಘ. ಸದಸ್ಯರು ಹೆಚ್ಚುಕಡಿಮೆ ಒಂಬೈನೂರು, ಬಹುಪಾಲು ಅಡಿಕೆ, ಕಾಳುಮೆಣಸಿನವರು. ಸಂಘದ ತಿಂಗಳ ಪತ್ರ ನನ್ನ ಕೈಗೆ ಬಂದು ಏಳು ವರ್ಷ ದಾಟಿತು, ಈವರೆಗೆ ಒಂದು ಸಂಚಿಕೆಯೂ ತಪ್ಪಿಲ್ಲ. ವಹಿಸಿಕೊಂಡಾಗ ಆಡಳಿತ ಮಂಡಳಿಯಲ್ಲೇ "ಮೂರು ಸಂಚಿಕೆ ಬಂದ್ರೆ ಹೆಚ್ಚಾತು" ಅಂದವರಿದ್ದರು. ಈಗ ಸುತ್ತಲಿನ ನಾಲ್ಕೈದು ಸಂಘದವರು ಹೇಗೆ ಮಾಡಿದಿರಿ ಎಂದು ಕೇಳುತ್ತಿದ್ದಾರೆ. ಡಿಟಿಪಿ, ಪುಟ ಕಟ್ಟುವುದು, ಪ್ರೆಸ್ಸಿನವರ ಜೊತೆ ಏಗುವುದು ನಿಮಗೆ ಗೊತ್ತಿರುವುದೇ. ಉಳಿದದ್ದು ಹೇಳುತ್ತೇನೆ.

ನನಗಿಂತ ಮೊದಲು ಈ ಪತ್ರ ಎರಡು ಸಲ ಶುರುವಾಗಿ ನಿಂತಿತ್ತು. ಮೊದಲ ಸಲ ದುಡ್ಡಿನಿಂದ. ಹದಿನಾರು ಪುಟ, ಬಣ್ಣದ ಮುಖಪುಟ, ಪ್ರತಿಗೆ 25 ರೂಪಾಯಿಯ ಮೇಲೆಯೇ ಬಿದ್ದಿತ್ತು, ಅಂಚೆ ಖರ್ಚು ಬೇರೆ. ವಾರ್ಷಿಕ ಸಭೆಯಲ್ಲಿ ಲೆಕ್ಕ ಓದಿದ ದಿನವೇ ಅದರ ಕಥೆ ಮುಗಿಯಿತು. ಎರಡನೇ ಸಲ ಬಣ್ಣ ಬಿಟ್ಟರು, ಪುಟ ಇಳಿಸಿದರು, ಆದರೆ ಬರಹ ಬರಲಿಲ್ಲ. "ಸದಸ್ಯರು ಲೇಖನ ಕಳಿಸಬೇಕಾಗಿ ವಿನಂತಿ" ಎಂದು ಬೋರ್ಡಿಗೆ ಹಚ್ಚಿದರೆ ಬಂದದ್ದು ಚುಟುಕ, ಅಭಿನಂದನೆ, ಸನ್ಮಾನದ ಫೋಟೋ. ಒಳ್ಳೆಯ ಮನಸ್ಸಿನಿಂದಲೇ ಕಳಿಸಿದ್ದರು. ಆದರೆ ಓದಿದವನಿಗೆ ತೋಟದಲ್ಲಿ ಮಾಡುವುದಕ್ಕೆ ಏನೂ ಸಿಗುತ್ತಿರಲಿಲ್ಲ. ಪತ್ರ ಕವಳದ (ಎಲೆಯಡಿಕೆಯ) ತಬಕಿನ ಅಡಿ ಹೋಯಿತು.

ಪುತ್ತೂರಿನಿಂದ 1988ರಲ್ಲಿ ಶುರುವಾದ 'ಅಡಿಕೆ ಪತ್ರಿಕೆ' ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ಅದನ್ನು ನೋಡಿಯೇ ನಾವೆಲ್ಲ ಬೆಳೆದವರು. ಆದರೆ ಒಂಬೈನೂರು ಸದಸ್ಯರ ಸಂಘದಲ್ಲಿ ಪೆನ್ನು ಹಿಡಿಯುವವರು ಸಿಗುವುದು ನಾಲ್ಕೋ ಐದೋ ಜನ, ಅವರ ಸರಕು ಒಂದು ವರ್ಷಕ್ಕೆ ಖಾಲಿ. ಹಾಗಾಗಿ ನಾನು ಲೇಖನ ಕೇಳುವುದನ್ನೇ ಬಿಟ್ಟೆ.

ಗೊಬ್ಬರ, ಔಷಧಿ ಕೊಡುವ ಕೌಂಟರಿನಲ್ಲಿ ಒಂದು ನೂರು ಪುಟದ ನೋಟ್‌ಬುಕ್ ಕಟ್ಟಿ ಇಟ್ಟೆ. ಸದಸ್ಯ ಬಂದು ಏನು ಕೇಳಿದ ಅನ್ನುವುದನ್ನು ಗುಮಾಸ್ತರು ಒಂದೇ ಸಾಲಿನಲ್ಲಿ ಬರೆಯಬೇಕು, ಕೇಳಿದ ಮಾತಿನಲ್ಲೇ. ಉತ್ತರ ಬರೆಯುವುದು ಬೇಡ. ತಿಂಗಳಿಗೆ ಮೂವತ್ತು ನಲವತ್ತು ಪ್ರಶ್ನೆ ಬೀಳುತ್ತವೆ. ಹೆಚ್ಚು ಸಲ ಬಂದ ಮೂರು ಪ್ರಶ್ನೆಯೇ ಮುಂದಿನ ಸಂಚಿಕೆ. ಪತ್ರ ನಿಲ್ಲದೇ ಇದ್ದದ್ದು ಈ ನೋಟ್‌ಬುಕ್ಕಿನಿಂದ. ಜನ ಬರೆಯುವುದು ನಿಲ್ಲಿಸಬಹುದು, ಕೌಂಟರಿಗೆ ಬಂದು ಕೇಳುವುದನ್ನು ನಿಲ್ಲಿಸುವುದಿಲ್ಲ.

ಒಂದು ಉದಾಹರಣೆ. ಒಂದು ವರ್ಷ ಮಳೆಗಾಲದ ನಡುವೆ "ಅಳತೆ ಸರಿ ಹಾಕಿದ್ರೂ ಬೋರ್ಡೋ ಹುಳಿ ಬತ್ತು" ಎಂದು ಒಂದೇ ವಾರದಲ್ಲಿ ಏಳೆಂಟು ಜನ ಕೇಳಿದ್ದರು. ಬೋರ್ಡೋ ಅಂದರೆ ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಮೈಲುತುತ್ತ, ಸುಣ್ಣದ ದ್ರಾವಣ. ಮೈಲುತುತ್ತ ಒಂದು ಕೇಜಿ, ಸುಣ್ಣ ಒಂದು ಕೇಜಿ, ನೀರು ನೂರು ಲೀಟರ್ ಎಂದು ಎಲ್ಲರ ಬಾಯಲ್ಲೂ ಇದೆ, ಅದನ್ನೇ ಅಚ್ಚು ಹಾಕಿದರೆ ಯಾರು ಓದುತ್ತಾರೆ? ನಮ್ಮೂರಿನಲ್ಲಿ ಔಷಧಿ ಹೊಡೆಯುವುದರಲ್ಲಿ ಪಳಗಿದ ಒಬ್ಬ ಕೊನೆಗೌಡರು, ಅಂದರೆ ಮರ ಹತ್ತಿ ಅಡಿಕೆ ಕೊನೆ ಇಳಿಸುವವರು, ಇದ್ದಾರೆ. ಅವರನ್ನು ಕೂರಿಸಿಕೊಂಡು ಕೇಳಿದೆ. ಅವರು ಹೇಳಿದ್ದು ಸುಣ್ಣದ ಹಳತನ. ಗಾಳಿಗೆ ಬಿಟ್ಟ ಸುಣ್ಣ ಸತ್ವ ಕಳೆದುಕೊಂಡಿರುತ್ತದೆ, ತಕ್ಕಡಿಯಲ್ಲಿ ಒಂದು ಕೇಜಿ ತೂಗಿದರೂ ಕೆಲಸಕ್ಕೆ ಒಂದು ಕೇಜಿ ಆಗುವುದಿಲ್ಲ. ಹುಳಿ ಉಳಿದಿದೆಯೇ ಎಂದು ನೋಡಲು ಚೆನ್ನಾಗಿ ಉಜ್ಜಿದ ಕಬ್ಬಿಣದ ಚೂರಿಯನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯಬೇಕು. ಅಲಗಿನ ಮೇಲೆ ತಾಮ್ರದ ಕೆಂಪು ಹತ್ತಿದರೆ ಸುಣ್ಣದ ತಿಳಿ ಇನ್ನಷ್ಟು ಸೇರಿಸಬೇಕು, ಹತ್ತದಿದ್ದರೆ ಹೊಡೆಯಬಹುದು. ಅವರ ಮಾತನ್ನು ಅವರ ಹೆಸರಿನಲ್ಲೇ ಹಾಕಿದೆವು, ಕೆಂಪು ಹತ್ತಿದ ಅಲಗಿನ ಫೋಟೋ ಸಮೇತ. ಆ ಸಂಚಿಕೆಯನ್ನು ಮತ್ತೆ ಇನ್ನೂರು ಪ್ರತಿ ಹಾಕಿಸಬೇಕಾಯಿತು. ಪತ್ರದ ಇತಿಹಾಸದಲ್ಲೇ ಮೊದಲ ಸಲ!

ಎಲ್ಲರಿಗೂ ನಾನು ಮಾಡುವುದು ಇದೇ. "ಯಂಗೆ ಬರೆಯಲೆ ಬತ್ತಿಲ್ಲೆ ಮಾರಾಯಾ" ಅನ್ನುವವರು ಮಾತಾಡಲು ಕೂತರೆ ಅರ್ಧ ಗಂಟೆ ನಿಲ್ಲಿಸುವುದಿಲ್ಲ. ಫೋನಿನಲ್ಲಿ ರೆಕಾರ್ಡ್ ಮಾಡುವುದು, ನಾನೇ ಬರೆಯುವುದು, ಅವರಿಗೆ ಓದಿ ಹೇಳುವುದು, ಒಪ್ಪಿದ ಮೇಲೆ ಫೋನ್ ನಂಬರಿನ ಜೊತೆ ಅಚ್ಚು. ಯಾವ ಹೊತ್ತಿಗೆ ಫೋನ್ ಮಾಡಬಹುದು ಅನ್ನುವುದನ್ನೂ ಹಾಕಿ, ಇಲ್ಲದಿದ್ದರೆ ಪಾಪ, ಅವರಿಗೆ ಊಟಕ್ಕೂ ಬಿಡುವಿರುವುದಿಲ್ಲ. ಧ್ವನಿ ಟೈಪಿಂಗ್ ನಮ್ಮ ಕಡೆಯ ಮಾತಿಗೆ ಸರಿ ಬರಲಿಲ್ಲ, ತಿದ್ದುವುದಕ್ಕೇ ಎರಡು ಪಟ್ಟು ಹೊತ್ತು ಹಿಡಿಯಿತು. ಹೆಂಗಸರನ್ನು ಮಾತಾಡಿಸುವುದಕ್ಕೆ ಮತ್ತು ಬಾಯಿ ಬಿಡದ ಹಿರಿಯರನ್ನು ಮಾತಿಗೆಳೆಯುವುದಕ್ಕೆ ನನ್ನದೊಂದು ಉಪಾಯವಿದೆ. ಅದನ್ನು ಸದ್ಯಕ್ಕೆ ಇಟ್ಟುಕೊಳ್ಳುತ್ತೇನೆ. ಅಪ್ಪೆಮಿಡಿಯ (ಉಪ್ಪಿನಕಾಯಿಯ ಮಾವಿನ ಮಿಡಿಯ) ಉಪ್ಪುನೀರು ಕೆಡದಂತೆ ಇಡುವ ಬಗ್ಗೆ ಬಂದ ಒಂದು ಪುಟಕ್ಕೆ ಬಂದಷ್ಟು ಫೋನು ಇನ್ಯಾವುದಕ್ಕೂ ಬಂದಿಲ್ಲ ಎಂದಷ್ಟೇ ಹೇಳಬಲ್ಲೆ.

ನೋಟ್‌ಬುಕ್ಕಿನ ನಂತರ ಎರಡನೆಯದು ಹೊತ್ತು, ಅಂದರೆ ಸರಿಯಾದ ಸಮಯಕ್ಕೆ ಮುಟ್ಟಿಸುವುದು. ಬೋರ್ಡೋ ಮೊದಲ ಸಿಂಪಡಣೆ ಮಳೆ ಹಿಡಿಯುವ ಮೊದಲು, ಎರಡನೆಯದು 40–45 ದಿನಕ್ಕೆ. ಹಾಗಾಗಿ ಮೇ ಸಂಚಿಕೆ 10ನೇ ತಾರೀಖಿನ ಒಳಗೆ ಮನೆ ಸೇರಬೇಕು, ಜೂನಿನಲ್ಲಿ ಕೊಟ್ಟರೆ ದಂಡ. ಹವಾಮಾನ ಆಧಾರಿತ ಬೆಳೆ ವಿಮೆಯ ಪುಟವೂ ಹಾಗೇ, ನೋಂದಣಿ ಮುಗಿಯುವುದಕ್ಕೆ ಒಂದು ತಿಂಗಳು ಮೊದಲೇ ಬರಬೇಕು. ಪಹಣಿಯ ಹೆಸರು, ಆಧಾರ್, ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ), ಬೆಳೆ ಸಮೀಕ್ಷೆಯಲ್ಲಿ ದಾಖಲಾದ ಬೆಳೆ, ಇವು ಒಂದಕ್ಕೊಂದು ಹೊಂದದೆ ಪರಿಹಾರ ಕೈಗೆ ಬಾರದೆ ಸಿಕ್ಕಿಬಿದ್ದವರು ನಮ್ಮಲ್ಲಿ ಬಹಳ. ಸರಿಪಡಿಸಲು ಓಡಾಡುವುದಕ್ಕೆ ದಿನ ಬೇಕಲ್ಲ! ಬೆಳೆಸಾಲ ಅವಧಿಯೊಳಗೆ ಕಟ್ಟಿದರಷ್ಟೇ ಶೂನ್ಯ ಬಡ್ಡಿ ಎಂಬ ನೆನಪಿನ ಚೌಕ ಜನವರಿಯಿಂದಲೇ ಶುರು. ಮಾರ್ಚಿ ಕೊನೆಯ ವಾರದ ನೂಕುನುಗ್ಗಲು ಅರ್ಧಕ್ಕೆ ಇಳಿದಿದೆ ಎಂದು ಮುಖ್ಯ ಕಾರ್ಯನಿರ್ವಾಹಕರೇ ಸಭೆಯಲ್ಲಿ ಹೇಳಿದರು. ಮಂಡಳಿಯ ಬಾಯಿ ಕಟ್ಟಿದ್ದು ಆ ಮಾತು.

"ಹೋದ ವರ್ಷದ್ದನ್ನೇ ಹಾಕ್ತೀರಿ" ಎಂದು ಆಕ್ಷೇಪ ಬರುತ್ತದೆ. ಹೌದು, ಹಾಕುತ್ತೇನೆ. ಕೊಳೆ ರೋಗ ಪ್ರತಿ ವರ್ಷ ಬರುತ್ತದೆ. ಆದರೆ ಹೋದ ವರ್ಷ ಓದಿ ಮಾಡಿದವರು ಏನು ಹೇಳಿದರು ಅನ್ನುವುದನ್ನು ಸೇರಿಸದೆ ಹಾಕುವುದಿಲ್ಲ. ಎಲೆಚುಕ್ಕೆ ರೋಗದ ಪುಟವಂತೂ ವರ್ಷ ವರ್ಷ ಪೂರಾ ಬದಲಾಗಿದೆ.

ದುಡ್ಡಿನ ಲೆಕ್ಕ: ಎಂಟು ಪುಟ, ಕಪ್ಪು ಬಿಳುಪು, ಸಾವಿರ ಪ್ರತಿ, ಈಗ ಏಳೂವರೆ ಸಾವಿರದ ಆಸುಪಾಸು. ಅಂಚೆ ಬಿಟ್ಟುಬಿಟ್ಟೆವು. ಪಡಿತರ ಕೊಡುವ ದಿನ ಚೀಲದ ಜೊತೆಗೇ ಪತ್ರ, ಉಳಿದದ್ದು ಹಾಲಿನ ಡೇರಿಯಲ್ಲಿ. ಪಂಪ್‌ಸೆಟ್ ಅಂಗಡಿ, ನರ್ಸರಿ, ದೋಟಿ (ಕೊನೆ ಕೊಯ್ಯುವ ಉದ್ದ ಕೋಲು) ಮಾರುವವರ ಜಾಹೀರಾತಿನಿಂದ ಅರ್ಧ ಖರ್ಚು ಬರುತ್ತದೆ. ಔಷಧಿ ಕಂಪನಿಯವರು ಹಿಂಬದಿ ಪುಟಕ್ಕೆ ಒಳ್ಳೆಯ ಮೊತ್ತ ಹೇಳಿದ್ದರು. ಬೇಡ ಅಂದೆ. ಒಳಪುಟದಲ್ಲಿ ಕೊನೆಗೌಡರ ಚೂರಿ, ಹಿಂದಿನ ಪುಟದಲ್ಲಿ ಬಾಟಲಿಯ ಚಿತ್ರ ಇದ್ದರೆ ಯಾರನ್ನು ನಂಬುವುದು?

ನಡುವೆ ಬೇರೆ ಪ್ರಯೋಗಗಳೂ ನಡೆದವು. ಅಡಿಕೆ ದರದ ಪುಟ ತೆಗೆದೆ, ತಿಂಗಳಿಗೊಮ್ಮೆ ರಾಶಿ (ಬೇಯಿಸಿ ಒಣಗಿಸಿದ ಕೆಂಪಡಿಕೆ), ಚಾಲಿ (ಹಣ್ಣಡಿಕೆ ಒಣಗಿಸಿ ಸುಲಿದದ್ದು) ದರ ಕೊಟ್ಟರೆ ಕೈಗೆ ಬರುವಾಗ ಹಳಸಿರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಮೂರು ನಿಮಿಷದ ಧ್ವನಿ ಸುದ್ದಿ ದಿನಾ ಹಾಕಿ ನೋಡಿದೆ. ಮೊದಲ ವಾರ ಎಲ್ಲರೂ ಕೇಳಿದರು, ತಿಂಗಳೊಳಗೆ ಕಾಲುಭಾಗಕ್ಕಿಳಿಯಿತು. ಈಗ ಮಳೆಗಾಲದಲ್ಲಿ ಮಾತ್ರ, ಎರಡು ದಿನ ಹೊಳವಾಗುವ (ಮಳೆ ಬಿಡುವು ಕೊಡುವ) ಅಂದಾಜಿದ್ದಾಗ ಮಾತ್ರ. ಅದನ್ನು ಕಾದು ಕೇಳುತ್ತಾರೆ, ಯಾಕೆಂದರೆ ಆ ಹೊಳದಲ್ಲೇ ಔಷಧಿ ಹೊಡೆದು ಮುಗಿಸಬೇಕು.

ಜೂನಿನಿಂದ ನಮ್ಮಲ್ಲಿ ಕರೆಂಟು, ನೆಟ್‌ವರ್ಕು ಎರಡನ್ನೂ ನೆಚ್ಚಿಕೊಳ್ಳುವಂತಿಲ್ಲ. ಆದ್ದರಿಂದ ಮೇ ಮುಗಿಯುವಾಗ ಜುಲೈ, ಆಗಸ್ಟಿನ ಪುಟಗಳು ಪೆನ್‌ಡ್ರೈವಿನಲ್ಲಿ ಪ್ರೆಸ್ಸಿನವರ ಹತ್ತಿರ ಇರುತ್ತವೆ, ನೋಟ್‌ಬುಕ್ಕಿನ ಹೊಸ ಪ್ರಶ್ನೆಗೆ ಮೂರನೇ ಪುಟವೊಂದನ್ನು ಖಾಲಿ ಬಿಟ್ಟು.